ಹಾಲೆಂಡಿನ ಬೀದಿ ಬದಲಾದ ಬಗೆ

ಹಾಲೆಂಡ್ ಎಂದೊಡನೆ ನಮ್ಮ ಕಣ್ಣ ಮುಂದೆ ಮೂರು ಚಿತ್ರಗಳು ಸುಳಿಯುತ್ತವೆ: ಗಾಳಿಯಂತ್ರ, ಟ್ಯೂಲಿಪ್ ಹೂವಿನ ತೋಟ, ಸಾಲಾಗಿ ಸಾಗುವ ಸೈಕಲ್ಲುಗಳು. ಮೊದಲೆರಡರ ಮಾತು ಹಾಗಿರಲಿ. ಮೂರನೆಯದರ ವಿಷಯದಲ್ಲಿ ನಮ್ಮಲ್ಲೊಂದು ನಂಬಿಕೆ ಬೇರೂರಿದೆ. ಆ ದೇಶ ಅಂಗೈಯಂತೆ ಸಮತಟ್ಟು, ಊರುಗಳು ಒಂದಕ್ಕೊಂದು ಹತ್ತಿರ, ಹವೆ ತಂಪು; ಆದ್ದರಿಂದ ಅಲ್ಲಿಯ ಜನ ಹುಟ್ಟಿನಿಂದಲೇ ಸೈಕಲ್ ಸವಾರರು ಎಂಬುದು ಆ ನಂಬಿಕೆ. ನಮ್ಮ ಊರಿನ ಬೀದಿಗಳನ್ನು ಕುರಿತು ಯಾರಾದರೂ ಮಾತೆತ್ತಿದರೆ, "ಅದೆಲ್ಲ ಹಾಲೆಂಡಿನಲ್ಲಿ ನಡೆಯುವ ಮಾತು" ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತೇವೆ.

ಈ ನಂಬಿಕೆಯಲ್ಲಿ ಅರ್ಧ ಮಾತ್ರ ನಿಜವಿದೆ. ನೆಲ ಸಮತಟ್ಟಾಗಿದೆ, ಸರಿ. ಆದರೆ ಅದೇ ಸಮತಟ್ಟಾದ ನೆಲದ ಮೇಲೆ, ಇಂದಿಗೆ ಐದಾರು ದಶಕಗಳ ಹಿಂದೆ, ಸೈಕಲ್ಲು ಕಣ್ಮರೆಯಾಗುವ ಹಾದಿಯಲ್ಲಿತ್ತು. ಅದನ್ನು ಉಳಿಸಿದ್ದು ಪ್ರಕೃತಿಯಲ್ಲ. ಕೆಲವು ತಂದೆ ತಾಯಿಗಳು, ಕೆಲವು ಹಟವಾದಿ ಯುವಕರು, ಒಬ್ಬಿಬ್ಬರು ಎಂಜಿನಿಯರುಗಳು ಮತ್ತು ಧೈರ್ಯವುಳ್ಳ ಒಂದೆರಡು ನಗರಸಭೆಗಳು ಸೇರಿ ಸುಮಾರು ಹದಿನೈದು ವರ್ಷಗಳಲ್ಲಿ ಈ ಕೆಲಸ ಮಾಡಿದವು. ಆ ಹದಿನೈದು ವರ್ಷಗಳ ಕಥೆಯನ್ನು ಇಲ್ಲಿ ಹೇಳಬೇಕೆಂದು ನನ್ನ ಇಚ್ಛೆ.

ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಸೈಕಲ್ಲು ಡಚ್ಚರ ನಿತ್ಯದ ವಾಹನವಾಗಿತ್ತು. ಎಷ್ಟರಮಟ್ಟಿಗೆಂದರೆ 1924ರಲ್ಲಿ ಅಲ್ಲಿಯ ಸರಕಾರ ಸೈಕಲ್ಲಿನ ಮೇಲೆ ತೆರಿಗೆಯನ್ನೇ ಹಾಕಿತು. ತೆರಿಗೆ ತೆತ್ತವರು ಅದರ ಗುರುತಾಗಿ ಲೋಹದ ಬಿಲ್ಲೆಯೊಂದನ್ನು ಸೈಕಲ್ಲಿಗೆ ಸಿಕ್ಕಿಸಿಕೊಳ್ಳಬೇಕಾಗಿತ್ತು. ಈ ಸಂಗತಿಯನ್ನು ಓದಿದಾಗ ನನಗೆ ನಗು ಬಂತು. ನನ್ನ ಬಾಲ್ಯದಲ್ಲಿ ನಮ್ಮೂರ ಪುರಸಭೆಯೂ ಹಾಗೆಯೇ ಬಿಲ್ಲೆ ಕೊಡುತ್ತಿತ್ತು. ಬಿಲ್ಲೆಯಿಲ್ಲದ ಸೈಕಲ್ಲು, ದೀಪವಿಲ್ಲದ ಸೈಕಲ್ಲು, ಇಬ್ಬರು ಕುಳಿತ ಸೈಕಲ್ಲು, ಈ ಮೂರಕ್ಕೂ ದಂಡ ಬೀಳುತ್ತಿತ್ತು. ಹಾಲೆಂಡಿನ ತೆರಿಗೆ 1941ರಲ್ಲಿ ಕೊನೆಗೊಂಡಿತು. ಯುದ್ಧ ಮುಗಿದ ಮೇಲೂ ಕೆಲವು ಕಾಲ, ಕಾರ್ಖಾನೆ ಬಿಡುವ ಹೊತ್ತಿಗೆ ಅಲ್ಲಿಯ ಬೀದಿಗಳಲ್ಲಿ ಸೈಕಲ್ಲುಗಳದೇ ಹೊಳೆ ಹರಿಯುತ್ತಿತ್ತು.

ಆಮೇಲೆ ಸಿರಿತನ ಬಂತು. ಅದರ ಬೆನ್ನಿಗೆ ಮೋಟಾರು ಬಂತು. 1950 ಮತ್ತು 60ರ ದಶಕಗಳಲ್ಲಿ ಕಾರು ಮಧ್ಯಮ ವರ್ಗದ ಮನೆಬಾಗಿಲಿಗೆ ಬಂದು ನಿಂತಿತು. ಕಾರು ಮುಂದಿನ ಕಾಲದ ವಾಹನ, ಸೈಕಲ್ಲು ಹಿಂದಿನ ಕಾಲದ್ದು ಎಂಬುದು ಆಗಿನ ತಜ್ಞರಿಗೆ ತರ್ಕಿಸಬೇಕಾದ ವಿಷಯವಾಗಿಯೇ ತೋರಲಿಲ್ಲ. ಆಮ್‌ಸ್ಟರ್‌ಡಾಮಿನ ಪೋಲೀಸ್ ಮುಖ್ಯಾಧಿಕಾರಿ ಹೆಂಡ್ರಿಕ್ ಕಾಸ್‌ಯಾಗರ್ 1954ರಲ್ಲಿ ಒಂದು ಸಲಹೆ ಮುಂದಿಟ್ಟರು: ನಗರದ ಪ್ರಸಿದ್ಧ ಕಾಲುವೆಗಳಲ್ಲಿ ಕೆಲವನ್ನು ಮಣ್ಣು ತುಂಬಿಸಿ ವಾಹನಗಳಿಗೆ ದಾರಿ ಮಾಡಬೇಕು. 1967ರಲ್ಲಿ ಡೇವಿಡ್ ಜೊಕಿನೆನ್ ಎಂಬ ಅಮೆರಿಕದ ತಜ್ಞ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಕೂಲಿಕಾರ್ಮಿಕರ ಹಳೆಯ ಕೇರಿಗಳನ್ನು ಕೆಡವಿ, ನಗರದ ನಡುವಿಗೆ ಆರು ಸಾಲಿನ ಹೆದ್ದಾರಿಯನ್ನು ನುಗ್ಗಿಸುವುದು ಅವನ ಯೋಜನೆ. ನಗರಕ್ಕೊಂದು ಅವಕಾಶ ಕೊಡಿ ಎಂಬುದು ಆ ಯೋಜನೆಯ ಹೆಸರು! ಎರಡೂ ಕೈಗೂಡಲಿಲ್ಲ. ಆದರೆ ಅವುಗಳ ಹಿಂದಿದ್ದ ಮನೋಭಾವ ಸಣ್ಣ ಸಣ್ಣ ರೂಪಗಳಲ್ಲಿ ಕೈಗೂಡುತ್ತಲೇ ಹೋಯಿತು. ಸಂತೆಯ ಚೌಕಗಳು ಕಾರು ನಿಲ್ಲಿಸುವ ಬಯಲುಗಳಾದವು. ಉಟ್ರೆಕ್ಟ್ ನಗರದಲ್ಲಿ 70ರ ದಶಕದ ಆರಂಭದಲ್ಲಿ ಶತಮಾನಗಳಷ್ಟು ಹಳೆಯ ಕಾಲುವೆಯೊಂದರ ನೀರನ್ನು ಬಸಿದು ಅಲ್ಲಿ ಹೆದ್ದಾರಿಯನ್ನೇ ಹಾಸಿದರು.

ಇದನ್ನು ಮೊದಲು ಪ್ರಶ್ನಿಸಿದವರು ಹುಡುಗಾಟದ ಹುಡುಗರು. 'ಪ್ರೋವೊ' ಎಂದು ತಮ್ಮನ್ನು ಕರೆದುಕೊಳ್ಳುತ್ತಿದ್ದ ಆಮ್‌ಸ್ಟರ್‌ಡಾಮಿನ ತರುಣರ ಗುಂಪೊಂದು 1965ರಲ್ಲಿ 'ಬಿಳಿ ಸೈಕಲ್ ಯೋಜನೆ'ಯನ್ನು ಸಾರಿತು. ಅದರ ಕರ್ತೃ ಲೂಡ್ ಸ್ಕಿಮಲ್‌ಪೆನಿಂಕ್. ಸೈಕಲ್ಲುಗಳಿಗೆ ಬಿಳಿ ಬಣ್ಣ ಬಳಿದು ಬೀಗವಿಲ್ಲದೆ ಬೀದಿಯಲ್ಲಿ ಬಿಡುವುದು. ಬೇಕಾದವರು ಏರಿ ಹೋಗುವುದು, ಇಳಿದಲ್ಲಿ ಇನ್ನೊಬ್ಬರಿಗೆ ಬಿಟ್ಟುಹೋಗುವುದು. ಬೀಗ ಹಾಕದೆ ಸೈಕಲ್ ಬಿಡುವುದು ಕಾನೂನಿಗೆ ವಿರುದ್ಧವೆಂದು ಪೋಲೀಸರು ಅವನ್ನು ಎತ್ತಿಕೊಂಡು ಹೋದರು. ಯೋಜನೆ ಅಲ್ಲಿಗೆ ಮುಗಿಯಿತು. ಆದರೂ ಒಂದು ಪ್ರಶ್ನೆ ಗಾಳಿಯಲ್ಲಿ ಉಳಿಯಿತು: ಈ ಬೀದಿಗಳು ಯಾರವು?

ಆ ಪ್ರಶ್ನೆಗೆ ತೂಕ ಬಂದದ್ದು ಸಾವಿನಿಂದ. 1971ರಲ್ಲಿ ಆ ಸಣ್ಣ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಮಂದಿ ಮಕ್ಕಳು. ಆಗ ಹಾಲೆಂಡಿನ ಜನಸಂಖ್ಯೆ ಸುಮಾರು 1 ಕೋಟಿ 30 ಲಕ್ಷ. ಅಂದರೆ ಪ್ರತಿದಿನವೂ ಎಲ್ಲೋ ಒಂದು ಮನೆಯ ಮಗು ಶಾಲೆಗೋ ಆಟಕ್ಕೋ ಹೋದದ್ದು ಹಿಂದಿರುಗುತ್ತಿರಲಿಲ್ಲ. ಜನ ಇದನ್ನು ಪ್ರಗತಿಗೆ ತೆರಬೇಕಾದ ಬೆಲೆಯೆಂದು ಬಗೆದು ಸುಮ್ಮನಿದ್ದರು.

ಸುಮ್ಮನಿರಲಾರದೆ ಹೋದವರು ವಿಕ್ ಲಾಂಗೆನ್‌ಹೋಫ್. ಅವರು 'ಡೆ ಟೈಡ್' ಎಂಬ ಪತ್ರಿಕೆಯ ಪತ್ರಕರ್ತರು. ಅವರ ಪುಟ್ಟ ಮಗಳು 1971ರಲ್ಲಿ ಸೈಕಲ್ಲಿನಲ್ಲಿ ಶಾಲೆಗೆ ಹೋಗುವಾಗ ವಾಹನಕ್ಕೆ ಸಿಕ್ಕಿ ತೀರಿಕೊಂಡಿದ್ದಳು. ಮರುವರ್ಷ, 1972ರ ಸೆಪ್ಟೆಂಬರಿನಲ್ಲಿ, ಅವರು ತಮ್ಮ ಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದರು. 'ಮಕ್ಕಳ ಕೊಲೆ ನಿಲ್ಲಿಸಿ' ಎಂಬುದು ಅದರ ತಲೆಬರಹ. ಅಪಘಾತ ಎನ್ನುವ ಕಡೆ ಅವರು ಕೊಲೆ ಎಂದರು. ಆ ಒಂದು ಶಬ್ದದಿಂದ ವಿಷಯದ ಸ್ವರೂಪವೇ ಬದಲಾಯಿತು. ಅಪಘಾತ ದೈವದ ಕೈಲಿರುವುದು; ಅದಕ್ಕೆ ಹೊಣೆಗಾರರಿಲ್ಲ. ಕೊಲೆಗೆ ಹೊಣೆಗಾರರಿರಲೇಬೇಕು. ಆ ಹೊಣೆ ಒಬ್ಬ ಚಾಲಕನದಷ್ಟೇ ಆಗಿರಲಿಲ್ಲ. ಅಂಥ ಬೀದಿಯನ್ನು ಕಟ್ಟಿದವರದು, ಕಟ್ಟಿಸಿದವರದು, ಕಂಡೂ ಸುಮ್ಮನಿದ್ದವರದು ಆಗಿತ್ತು.

ಲೇಖನದ ತಲೆಬರಹವೇ ಒಂದು ಸಂಘಟನೆಯ ಹೆಸರಾಯಿತು. ಮುಂದೆ ಯೂರೋಪಿನ ಸಂಸತ್ತಿನ ಸದಸ್ಯೆಯಾದ ಮಾರ್ತ್ಯೆ ವಾನ್ ಪುಟೆನ್, ಆಗಿನ್ನೂ ತರುಣಿ, ಅದರ ಮೊದಲ ಅಧ್ಯಕ್ಷೆ. ಈ ಸಂಘಟನೆಯವರು ಕಲ್ಲು ತೂರಲಿಲ್ಲ. ಅಪಾಯದ ಜಾಗಗಳಲ್ಲಿ ಸೈಕಲ್ ಮೆರವಣಿಗೆ ನಡೆಸಿದರು. ಬೀದಿಗೆ ಅಡ್ಡಲಾಗಿ ಮೇಜು ಹಾಕಿ, ಮಕ್ಕಳನ್ನು ಆಡಲು ಬಿಟ್ಟು, ಬೀದಿಯಲ್ಲೇ ಊಟಕ್ಕೆ ಕುಳಿತರು. ಪ್ರಧಾನಿ ಯೋಪ್ ಡೆನ್ ಆಯ್ಲ್ ಅವರ ಮನೆಯ ಮುಂದೆ ಹೋಗಿ ಹಾಡಿದರು. ಪ್ರಧಾನಿ ಹೊರಗೆ ಬಂದು ಅವರ ಅಹವಾಲನ್ನು ಕೇಳಿದರು. ದೊಡ್ಡವರಷ್ಟೇ ಅಲ್ಲ. ಆಮ್‌ಸ್ಟರ್‌ಡಾಮಿನ 'ಡೆ ಪೈಪ್' ಎಂಬ ಇಕ್ಕಟ್ಟಾದ ಬಡಾವಣೆಯ ಶಾಲಾಮಕ್ಕಳೂ ತಮಗೊಂದು ಆಡುವ ಬೀದಿ ಬೇಕೆಂದು ಚಳವಳಿ ಹೂಡಿದರು. 1972ರಲ್ಲಿ ಟೆಲಿವಿಷನ್ ಆ ಮಕ್ಕಳ ಮಾತನ್ನು ದೇಶಕ್ಕೆಲ್ಲ ತೋರಿಸಿತು.

ಇಲ್ಲಿ ಒಂದು ವಿಚಾರವನ್ನು ಗಮನಿಸಬೇಕು. ಅಲ್ಲಿಯವರೆಗೆ ರಸ್ತೆಯ ಸುರಕ್ಷತೆ ಎಂದರೆ ಮಗುವಿಗೆ ಬುದ್ಧಿ ಹೇಳುವುದು ಎಂದಷ್ಟೇ ಅರ್ಥವಿತ್ತು. ಎಡಬಲ ನೋಡು, ಓಡಬೇಡ, ಬೀದಿಯಲ್ಲಿ ಆಡಬೇಡ. ಬುದ್ಧಿವಾದ ತಪ್ಪೆಂದು ಯಾರೂ ಹೇಳಲಾರರು. ಆದರೆ ಆರು ವರ್ಷದ ಮಗು ಆರು ವರ್ಷದ ಮಗುವಿನಂತೆಯೇ ನಡೆದುಕೊಳ್ಳುತ್ತದೆ. ಚೆಂಡು ಉರುಳಿದರೆ ಹಿಂದೆ ಓಡುತ್ತದೆ. ಮಗುವನ್ನು ತಿದ್ದಲು ಸಾಧ್ಯವಿಲ್ಲದ ಕಡೆ ಬೀದಿಯನ್ನು ತಿದ್ದಿ ಎಂದು ಆ ತಂದೆ ತಾಯಿಗಳು ಕೇಳಿದರು. ಮನುಷ್ಯನಿಂದ ತಪ್ಪಾಗಿಯೇ ಆಗುತ್ತದೆ, ಆ ತಪ್ಪಿಗೆ ಪ್ರಾಣ ತೆರಬೇಕಾಗಿ ಬರದಂತೆ ಬೀದಿ ಇರಬೇಕು: ಈ ಮಾತು ಮುಂದೆ 1992ರ ಹೊತ್ತಿಗೆ ಹಾಲೆಂಡಿನ ರಸ್ತೆ ಸುರಕ್ಷತಾ ಸಂಶೋಧಕರ ಮೂಲ ತತ್ತ್ವವೇ ಆಯಿತು.

ಕಾಲವೂ ಅನಿರೀಕ್ಷಿತವಾಗಿ ಒದಗಿ ಬಂತು. 1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದಲ್ಲಿ ಯುದ್ಧ ನಡೆಯಿತು. ಅರಬ್ ರಾಷ್ಟ್ರಗಳು ಹಾಲೆಂಡಿಗೆ ಎಣ್ಣೆ ಕಳಿಸುವುದನ್ನು ನಿಲ್ಲಿಸಿದವು. ಪೆಟ್ರೋಲ್ ಉಳಿಸಲು ಸರಕಾರ ಭಾನುವಾರಗಳಂದು ಕಾರು ಓಡಿಸುವುದನ್ನು ನಿಷೇಧಿಸಿತು. ನವೆಂಬರ್ 4ರಂದು ಮೊದಲ ಭಾನುವಾರ. ಮರುವರ್ಷದ ಜನವರಿ 6ರಂದು ಕೊನೆಯದು. ಹೆದ್ದಾರಿಗಳ ಮೇಲೆ ಮಕ್ಕಳು ಚಕ್ರದ ಬೂಟು ಕಟ್ಟಿ ಜಾರಿದರು. ಕುಟುಂಬಗಳು ಸೈಕಲ್ಲೇರಿ ಹೊರಟವು. ಕೆಲವರು ಕುದುರೆ ಗಾಡಿಯನ್ನೂ ಹೊರತೆಗೆದರು. ಹೀಗೆ ಸಂಕಟದಿಂದ ಬಂದ ಭಾನುವಾರಗಳಲ್ಲಿ ಜನ ತಮ್ಮ ಬೀದಿಯನ್ನು ಹಲವು ವರ್ಷಗಳ ಮೇಲೆ ಮತ್ತೆ ಕಂಡರು. ಅದರ ಅಗಲವೆಷ್ಟು, ಅದರ ನಿಶ್ಶಬ್ದ ಎಂಥದು ಎಂಬುದು ಅವರ ಅನುಭವಕ್ಕೆ ಬಂತು. ಅನುಭವಕ್ಕೆ ಬಂದುದನ್ನು ಅಸಾಧ್ಯವೆಂದು ವಾದಿಸುವುದು ಕಷ್ಟ.

ಇನ್ನು ಬೀದಿಯನ್ನು ತಿದ್ದುವ ಕೆಲಸ. ಅದರ ಮೊದಲ ಪಾಠಶಾಲೆ ಡೆಲ್ಫ್ಟ್ ನಗರ. ಅಲ್ಲಿಯ ನಗರಸಭೆಯ ಎಂಜಿನಿಯರ್ ಯೋಸ್ಟ್ ಫಾಲ್ ಮತ್ತು ಅವರ ಸಂಗಡಿಗರು ಮನೆಗಳಿರುವ ಬೀದಿಯನ್ನು ಹೊಸದಾಗಿ ಕಟ್ಟಿ ನೋಡಿದರು. ಕಾಲುದಾರಿ ಬೇರೆ, ಗಾಡಿಯ ದಾರಿ ಬೇರೆ ಎಂಬ ಅಂಚುಗಲ್ಲನ್ನು ಕಿತ್ತುಹಾಕಿ ನೆಲವನ್ನೆಲ್ಲ ಒಂದೇ ಮಟ್ಟ ಮಾಡಿದರು. ನೇರ ದಾರಿಯನ್ನು ಬೇಕೆಂದೇ ಅಂಕುಡೊಂಕು ಮಾಡಿದರು. ಅಲ್ಲಲ್ಲಿ ಮರ, ಬೆಂಚು, ಹೂವಿನ ಪಾತಿ, ನೆಲದಲ್ಲಿ ಉಬ್ಬು. ಇಂಥ ಬೀದಿಯಲ್ಲಿ ಕಾರು ಬರಬಾರದೆಂದಿಲ್ಲ, ಬರಬಹುದು. ಆದರೆ ನೆಂಟರ ಮನೆಗೆ ಬಂದ ಹಾಗೆ ಬರಬೇಕು. ಇದಕ್ಕೆ ಡಚ್ಚರು ಇಟ್ಟ ಹೆಸರು 'ವೂನ್‌ಎರ್ಫ್'. ಕನ್ನಡದಲ್ಲಿ ಹೇಳುವುದಾದರೆ 'ವಾಸದ ಅಂಗಳ'. ಅಂಗಳವೆಂಬ ಶಬ್ದದ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1976ರಲ್ಲಿ ಅಲ್ಲಿಯ ಕಾನೂನು ಈ ಅಂಗಳವನ್ನು ಒಪ್ಪಿಕೊಂಡಿತು: ನಡೆಯುವವರು ಬೀದಿಯ ಪೂರ್ಣ ಅಗಲವನ್ನು ಬಳಸಬಹುದು, ಮಕ್ಕಳು ಆಡಬಹುದು, ವಾಹನ ಮಾತ್ರ ನಡಿಗೆಯ ವೇಗ ಮೀರಬಾರದು.

ಆದರೆ ಮನೆಯ ಮುಂದಿನ ಅಂಗಳದಿಂದ ಶಾಲೆಗೆ, ಪೇಟೆಗೆ ಹೋಗಬೇಕಲ್ಲ! 70ರ ದಶಕದ ನಡುವಿನಲ್ಲಿ ಸರಕಾರ ಹೇಗ್ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಮಾದರಿಗೆಂದು ಒಂದೊಂದು ಉತ್ತಮ ಸೈಕಲ್ ದಾರಿಯನ್ನು ಕಟ್ಟಿಸಿತು. ಹೇಗ್ ನಗರದ ಅಂಗಡಿಯವರು ಅದನ್ನು ಉಗ್ರವಾಗಿ ವಿರೋಧಿಸಿದರು. ದಾರಿಯನ್ನು ಬಳಸಿದವರು ಮೆಚ್ಚಿಕೊಂಡರು. ಆದರೂ ಊರಿನಲ್ಲಿ ಸೈಕಲ್ಲಿನ ಬಳಕೆ ನಿರೀಕ್ಷಿಸಿದಷ್ಟು ಏರಲಿಲ್ಲ. ಕಾರಣ ಸರಳ. ಒಂದೇ ಒಂದು ಒಳ್ಳೆಯ ದಾರಿ ಎಲ್ಲರ ಮನೆಯ ಮುಂದೆ ಹಾಯುವುದಿಲ್ಲ. ಅದು ಮುಗಿದ ಕಡೆ ಅಪಾಯ ಮತ್ತೆ ಆರಂಭವಾಗುತ್ತದೆ. ಡೆಲ್ಫ್ಟ್ ನಗರ ಈ ಪಾಠವನ್ನು ಕಲಿತು, 1979ರ ತನ್ನ ಯೋಜನೆಯಲ್ಲಿ ಇಡೀ ಊರಿಗೆ ಜಾಲವನ್ನೇ ಹೆಣೆಯಿತು. ಊರನ್ನೆಲ್ಲ ಹಾಯುವ ದೊಡ್ಡ ದಾರಿಗಳು, ಬಡಾವಣೆಗಳನ್ನು ಕೂಡಿಸುವ ನಡುವಣ ದಾರಿಗಳು, ಮನೆಯಿಂದ ಹೊರಡುವ ಕಿರುದಾರಿಗಳು. ನೀರಿನ ಕೊಳಾಯಿಯಂತೆ ಸೈಕಲ್ ದಾರಿಯೂ ನಡುವೆ ಎಲ್ಲಿ ತುಂಡಾದರೂ ಉಪಯೋಗವಿಲ್ಲ.

ಇದಕ್ಕಿಂತ ಸಾಹಸದ ಕೆಲಸ ನಡೆದದ್ದು ಉತ್ತರದ ಗ್ರೋನಿಂಗೆನ್ ನಗರದಲ್ಲಿ. ಅಲ್ಲಿಯ ನಗರಾಡಳಿತದಲ್ಲಿ ಸಂಚಾರದ ಹೊಣೆ ಹೊತ್ತವರು ಮ್ಯಾಕ್ಸ್ ವಾನ್ ಡೆನ್ ಬರ್ಗ್ ಎಂಬ ಮೂವತ್ತರ ಆಸುಪಾಸಿನ ತರುಣ. 1977ರ ಸೆಪ್ಟೆಂಬರಿನಲ್ಲಿ ಅವರ ಯೋಜನೆ ಜಾರಿಗೆ ಬಂತು. ಊರಿನ ನಡುಭಾಗವನ್ನು ನಾಲ್ಕು ಪಾಲು ಮಾಡಿದರು. ಕಾರು ಯಾವ ಪಾಲಿಗಾದರೂ ಹೋಗಬಹುದು. ಆದರೆ ಒಂದು ಪಾಲಿನಿಂದ ಪಕ್ಕದ ಪಾಲಿಗೆ ನೇರವಾಗಿ ದಾಟುವಂತಿಲ್ಲ. ಹೊರಗಿನ ಸುತ್ತುರಸ್ತೆಗೆ ಹೋಗಿ, ಬಳಸಿ, ಮತ್ತೆ ಒಳಗೆ ಬರಬೇಕು. ನಡೆಯುವವರಿಗೆ, ಸೈಕಲ್ಲಿನವರಿಗೆ ಈ ಕಟ್ಟಿಲ್ಲ. ಅವರು ನೇರವಾಗಿ ದಾಟಬಹುದು. ದೊಡ್ಡ ಸೇತುವೆ ಕಟ್ಟಲಿಲ್ಲ, ಮನೆ ಕೆಡವಲಿಲ್ಲ. ಫಲಕಗಳನ್ನು ಬದಲಿಸಿ, ಕೆಲವು ಬೀದಿಗಳ ದಿಕ್ಕನ್ನು ತಿರುಗಿಸಿ, ಅಲ್ಲಲ್ಲಿ ಅಡ್ಡಗಟ್ಟೆ ಇಟ್ಟರು. ಊರೊಳಗೆ ಕಾರಿನ ದಾರಿ ದೂರವಾಯಿತು, ಸೈಕಲ್ಲಿನ ದಾರಿ ಹತ್ತಿರವಾಯಿತು. ವ್ಯಾಪಾರ ಹಾಳಾಗುತ್ತದೆಂದು ಅಂಗಡಿಯವರು ಬೊಬ್ಬೆಯೆಬ್ಬಿಸಿದರು. ನಗರಸಭೆ ಹಿಂಜರಿಯಲಿಲ್ಲ. ಇಂದು ಗ್ರೋನಿಂಗೆನ್ ಪ್ರಪಂಚದಲ್ಲಿ ಅತಿ ಹೆಚ್ಚು ಸೈಕಲ್ ಬಳಸುವ ನಗರಗಳಲ್ಲೊಂದು.

ಈ ಕಥೆಯಲ್ಲಿ ಸರಕಾರದಷ್ಟೇ ಪಾಲು ಸಾಮಾನ್ಯ ಜನರದೂ ಇದೆ. 1975ರಲ್ಲಿ ಸೈಕಲ್ ಸವಾರರ ಹೊಸ ಸಂಘವೊಂದು ಹುಟ್ಟಿತು. ಇಂದು ಅದರ ಹೆಸರು 'ಫೀಟ್ಸರ್ಸ್‌ಬಾಂಡ್'. ಅದರ ಸದಸ್ಯರು ಊರೂರಿನಲ್ಲಿ ಯಾವ ತಿರುವು ಅಪಾಯದ್ದು, ಎಲ್ಲಿ ದಾರಿ ತುಂಡಾಗಿದೆ ಎಂದು ಪಟ್ಟಿ ಮಾಡಿ ನಗರಸಭೆಗಳ ಮುಂದಿಟ್ಟರು. ದೂರುವವರು ಕ್ರಮೇಣ ತಿಳಿದವರಾದರು. ಎಂಜಿನಿಯರುಗಳು ಅವರನ್ನು ಕರೆದು ಕೇಳತೊಡಗಿದರು. ಆ ದಶಕದ ಕೊನೆಯ ವರ್ಷಗಳಲ್ಲಿ ಆಮ್‌ಸ್ಟರ್‌ಡಾಮಿನ ಬೀದಿಗಳಲ್ಲಿ ಸಾವಿರಾರು ಸವಾರರು ಮೆರವಣಿಗೆ ನಡೆಸಿದರು. ಸೈಕಲ್ಲುಗಳ ಸಮೇತ ನೆಲದ ಮೇಲೆ ಮಲಗಿ, ಸತ್ತವರನ್ನು ನಗರಕ್ಕೆ ನೆನಪು ಮಾಡಿಕೊಟ್ಟರು.

ಹೀಗೆ ರೂಪುಗೊಂಡ ಬೀದಿ ಹೇಗಿರುತ್ತದೆ? ಮನೆಗೋಡೆಯಿಂದ ಆರಂಭಿಸಿದರೆ ಮೊದಲು ಕಾಲುದಾರಿ. ಅದರ ಪಕ್ಕಕ್ಕೆ ಕೆಂಪು ಬಣ್ಣದ ನೆಲವುಳ್ಳ ಸೈಕಲ್ ದಾರಿ. ಆಚೆಗೆ ಒಂದು ಅಂಚು, ಅಥವಾ ನಿಂತ ಕಾರುಗಳ ಸಾಲು. ಅದರಾಚೆಗೆ ವಾಹನಗಳ ದಾರಿ. ಅಂದರೆ ನಿಂತ ಕಾರೇ ಸವಾರನಿಗೆ ಕೋಟೆಯಾಗುತ್ತದೆ. ಅಡ್ಡಬೀದಿ ಕೂಡುವಲ್ಲಿ ಕಾಲುದಾರಿ ಇಳಿಯುವುದಿಲ್ಲ. ಅದು ಹಾಗೆಯೇ ಮುಂದುವರಿಯುತ್ತದೆ, ಕಾರು ಅದರ ಮೇಲೆ ಏರಿ ಇಳಿಯಬೇಕು. ಏರುವಾಗ ವೇಗ ತಾನಾಗಿ ತಗ್ಗುತ್ತದೆ. ತಿರುವುಗಳು ಕಿರಿದಾಗಿರುವುದರಿಂದ ರಭಸದಿಂದ ತಿರುಗಲಾಗುವುದಿಲ್ಲ. ಪೋಲೀಸಿನವರು ನಿಂತು ಕೈತೋರದಿದ್ದರೂ ಬೀದಿಯೇ ಚಾಲಕನಿಗೆ ನಿಧಾನ ಎಂದು ಹೇಳುತ್ತದೆ. 1983ರಿಂದ ವಸತಿ ಪ್ರದೇಶಗಳಿಗೆ ಗಂಟೆಗೆ 30 ಕಿಲೋಮೀಟರ್ ಮಿತಿ ಬಂತು. 2023ರ ಡಿಸೆಂಬರಿನಲ್ಲಿ ಆಮ್‌ಸ್ಟರ್‌ಡಾಮ್ ತನ್ನ ಬಹುಪಾಲು ಬೀದಿಗಳಿಗೆ ಅದೇ ಮಿತಿಯನ್ನು ವಿಧಿಸಿತು. ಮೋಟಾರು ವಾಹನ ಸೈಕಲ್ಲಿಗೋ ಪಾದಚಾರಿಗೋ ತಗಲಿದರೆ ಪರಿಹಾರದ ಹೊಣೆಯನ್ನು ಕಾನೂನು ಬಹುಮಟ್ಟಿಗೆ ವಾಹನದ ಕಡೆಗೇ ಹಾಕುತ್ತದೆ. ಪೆಟ್ಟಾದದ್ದು ಹದಿನಾಲ್ಕು ವರ್ಷಕ್ಕಿಂತ ಚಿಕ್ಕ ಮಗುವಿಗಾದರೆ ಮಗುವಿನ ತಪ್ಪನ್ನು ಎಣಿಸುವುದೇ ಇಲ್ಲವೆನ್ನಬಹುದು.

ಫಲವೇನು? ಇಂದು ಹಾಲೆಂಡಿನ ಜನರ ಒಟ್ಟು ಓಡಾಟದಲ್ಲಿ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು ಸೈಕಲ್ಲಿನ ಮೇಲೆ ನಡೆಯುತ್ತದೆ. ಜನ ಹೆಚ್ಚಿದರೂ, ಕಾರುಗಳು ಹಲವು ಪಟ್ಟು ಹೆಚ್ಚಿದರೂ, ರಸ್ತೆಗಳ ಮೇಲಿನ ಸಾವು 2022ರಲ್ಲಿ 737ಕ್ಕೆ ಇಳಿದಿತ್ತು. ಕಥೆ ಇಲ್ಲಿಗೆ ಸುಖಾಂತವಾಯಿತೆಂದು ಹೇಳುವಂತಿಲ್ಲ. ಆ 737 ಮಂದಿಯಲ್ಲಿ 291 ಜನ ಸೈಕಲ್ ಸವಾರರು. ಅವರಲ್ಲಿ ವಯಸ್ಸಾದವರೇ ಹೆಚ್ಚು. ವಿದ್ಯುತ್ ಸೈಕಲ್ಲು ಬಂದು ಹೊಸ ಸಮಸ್ಯೆಗಳನ್ನು ತಂದಿದೆ. ಆದರೆ ದಿನಕ್ಕೊಂದು ಮಗುವನ್ನು ನುಂಗುತ್ತಿದ್ದ ಬೀದಿ ಇಂದಿಲ್ಲ. ಕಾಲುವೆ ಬಸಿದು ಹೆದ್ದಾರಿ ಮಾಡಿದ್ದ ಉಟ್ರೆಕ್ಟಿನ ಜನ 2002ರಲ್ಲಿ ಮತ ಹಾಕಿ ನೀರನ್ನೇ ಮತ್ತೆ ಕೇಳಿದರು. 2020ರ ಸೆಪ್ಟೆಂಬರಿನಲ್ಲಿ ಹೆದ್ದಾರಿಯಿದ್ದ ತಗ್ಗಿನಲ್ಲಿ ನೀರು ಮತ್ತೆ ಹರಿಯಿತು. ಅದೇ ನಗರದ ರೈಲು ನಿಲ್ದಾಣದ ಅಡಿಯಲ್ಲಿ 12,500 ಸೈಕಲ್ಲುಗಳನ್ನು ನಿಲ್ಲಿಸುವ ತಾಣವಿದೆ.

ಈಗ ನಮ್ಮ ಕಡೆಗೆ ತಿರುಗಿ ನೋಡೋಣ. ನಮ್ಮಲ್ಲಿ ಮಾತಿಗೆ ಕೊರತೆಯಿಲ್ಲ. ರಸ್ತೆ ಸಾಗಿಸಬೇಕಾದದ್ದು ಜನರನ್ನು, ವಾಹನಗಳನ್ನಲ್ಲ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಸಾರಿದೆ. ಕೆಲಸವೂ ಅಲ್ಲಲ್ಲಿ ನಡೆದಿದೆ. ಬೆಂಗಳೂರಿನ ನಡುಭಾಗದ ಕೆಲವು ರಸ್ತೆಗಳಲ್ಲಿ 'ಟೆಂಡರ್ ಶ್ಯೂರ್' ಎಂಬ ಯೋಜನೆಯ ಮೂಲಕ ಕಾಲುದಾರಿಗಳನ್ನು ಅಗಲ ಮಾಡಿ, ನೀರು, ಒಳಚರಂಡಿ, ವಿದ್ಯುತ್ತಿನ ತಂತಿಗಳಿಗೆ ಅಡಿಯಲ್ಲಿ ಜಾಗ ಕಲ್ಪಿಸಿ, ರಸ್ತೆಯನ್ನು ಪದೇ ಪದೇ ಅಗೆಯುವ ಅನಿಷ್ಟ ತಪ್ಪಿಸಲು ಯತ್ನಿಸಿದರು. ಪುಸ್ತಕದಂಗಡಿಗಳಿಗೆ ಹೆಸರಾದ ಚರ್ಚ್ ಸ್ಟ್ರೀಟ್ 2018ರಲ್ಲಿ ಕಲ್ಲುಹಾಸಿನ ಹೊಸ ರೂಪ ಪಡೆಯಿತು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರದ ಕೊನೆಯಲ್ಲಿ ವಾಹನಗಳನ್ನೇ ತಡೆದು ನಡೆಯುವವರಿಗೆ ಬಿಟ್ಟುಕೊಟ್ಟಿತು. ಮೈಸೂರಿನಲ್ಲಿ 2017ರಲ್ಲಿ ಬಾಡಿಗೆ ಸೈಕಲ್ಲುಗಳ 'ಟ್ರಿಣ್ ಟ್ರಿಣ್' ಆರಂಭವಾಯಿತು. ಇವೆಲ್ಲ ಒಳ್ಳೆಯ ಆರಂಭಗಳೇ. ಆದರೆ ಹೇಗ್ ಮತ್ತು ಟಿಲ್‌ಬರ್ಗ್ ಕಲಿಸಿದ ಪಾಠವನ್ನು ಮರೆಯಬಾರದು: ಒಂದು ಚೆಲುವಾದ ಬೀದಿಯಿಂದ ಊರು ಬದಲಾಗುವುದಿಲ್ಲ.

ನಮ್ಮ ದೇಶದ ರಸ್ತೆಗಳಲ್ಲಿ 2022ರಲ್ಲಿ ಸತ್ತವರ ಸಂಖ್ಯೆ, ಸರಕಾರದ ಲೆಕ್ಕದಂತೆಯೇ, 1,68,491. ಅವರಲ್ಲಿ ಐದರಲ್ಲೊಬ್ಬರು, ಹೆಚ್ಚು ಕಡಿಮೆ, ಕಾಲ್ನಡಿಗೆಯಲ್ಲಿದ್ದವರು. ನಾವು ಇದನ್ನು ಅಪಘಾತವೆಂದೇ ಕರೆಯುತ್ತೇವೆ. ಬೆಳಗಿನ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಓದಿ ಪುಟ ಮಗುಚುತ್ತೇವೆ. ನಮ್ಮ ಊರುಗಳು ಹಾಲೆಂಡಿನ ಊರುಗಳಲ್ಲ. ನಮ್ಮ ಬಿಸಿಲು ಬೇರೆ, ಮಳೆ ಬೇರೆ, ಜನಸಂದಣಿ ಬೇರೆ. ಅಲ್ಲಿಯ ನಕ್ಷೆಯನ್ನು ತಂದು ಇಲ್ಲಿ ಅಂಟಿಸಿದರೆ ನಿಲ್ಲಲಾರದು. ಬಿಸಿಲಿಗೆ ನೆರಳಿನ ಮರ ಬೇಕು, ಮಳೆಗೆ ಸರಿಯಾದ ಚರಂಡಿ ಬೇಕು, ಸೊಪ್ಪಿನ ಗಾಡಿಯವನಿಗೂ ಹೂ ಮಾರುವವಳಿಗೂ ಜಾಗ ಬೇಕು. ಅದನ್ನು ನಮ್ಮ ಎಂಜಿನಿಯರುಗಳೇ, ನಮ್ಮ ಬೀದಿಗಳಲ್ಲೇ ನಡೆದು ನೋಡಿ, ಯೋಚಿಸಿ ಕಟ್ಟಬೇಕು.

ಆದರೆ ಡಚ್ಚರಿಂದ ಎರವಲು ತರಬಹುದಾದ ಒಂದು ವಸ್ತುವಿದೆ. ಅದಕ್ಕೆ ಹವೆಯ ಹಂಗಿಲ್ಲ, ನೆಲ ಸಮತಟ್ಟಾಗಿರಬೇಕಾಗಿಯೂ ಇಲ್ಲ. ಬೀದಿಯನ್ನು ಅಳೆಯುವಾಗ ಅವರು ಹಿಡಿದ ಅಳತೆಗೋಲು ಅದು. ಒಂದು ಗಂಟೆಯಲ್ಲಿ ಎಷ್ಟು ವಾಹನ ಹಾದುಹೋದವು ಎಂದು ನಮ್ಮ ಲೆಕ್ಕ. ಈ ಬೀದಿಯಲ್ಲಿ ಎಂಟು ವರ್ಷದ ಮಗುವನ್ನು ಒಂಟಿಯಾಗಿ ಶಾಲೆಗೆ ಕಳಿಸಬಹುದೇ ಎಂದು ಅವರ ಪ್ರಶ್ನೆ. ಯಾವ ಬೀದಿಯ ಬಗೆಗೆ ತಾಯಿಯೊಬ್ಬಳು ಕಳಿಸಬಹುದು ಎನ್ನುತ್ತಾಳೋ ಆ ಬೀದಿಯಲ್ಲಿ ಮುದುಕರೂ ನಡೆಯಬಲ್ಲರು, ಕುರುಡರೂ ನಡೆಯಬಲ್ಲರು, ಕಾರಿನವರೂ ಸುಖವಾಗಿಯೇ ಹೋಗಬಲ್ಲರು. ಈ ಪ್ರಶ್ನೆಯನ್ನು ಕೇಳಲು ನಮಗೆ ತಜ್ಞರೂ ಬೇಕಾಗಿಲ್ಲ, ಹಣವೂ ಬೇಕಾಗಿಲ್ಲ. ಪ್ರತಿಯೊಬ್ಬರೂ ತಮ್ಮ ಮನೆಯ ಬಾಗಿಲಲ್ಲಿ ನಿಂತು ಇದನ್ನು ಕೇಳಬಹುದು. ಉತ್ತರ ಇಲ್ಲ ಎಂದಾದರೆ, ಅದನ್ನು ನಗರಸಭೆಯ ಬಾಗಿಲಿಗೆ ಒಯ್ಯಬಹುದು.